ಆಡಗೊಡದ ಆಟ

ಪೂಲ್ ಮೇಜಿಗೆ ಆರು ಪಾಕೆಟ್. ಒನ್ ಪಾಕೆಟ್ ಎಂಬ ಆಟದಲ್ಲಿ ಅವುಗಳ ಪೈಕಿ ನಾಲ್ಕು ಯಾರ ಪಾಲಿಗೂ ಇಲ್ಲ. ಕೆಳತುದಿಯ ಎರಡು ಮೂಲೆಗಳಲ್ಲಿ ಒಂದು ನನ್ನದು, ಇನ್ನೊಂದು ನಿಮ್ಮದು. ಹದಿನೈದು ಚೆಂಡುಗಳಲ್ಲಿ ಯಾವುದಾದರೂ ಸರಿ, ಎಂಟನ್ನು ತನ್ನ ಮೂಲೆಗೆ ಮೊದಲು ಹಾಕಿದವನು ಗೆದ್ದ. ಬಣ್ಣದ ಲೆಕ್ಕವಿಲ್ಲ, ನಂಬರಿನ ಸರದಿಯಿಲ್ಲ. ನನ್ನ ಹೊಡೆತಕ್ಕೆ ಚೆಂಡು ನಿಮ್ಮ ಪಾಕೆಟ್ಟಿಗೆ ಬಿದ್ದರೆ ಅದು ನಿಮ್ಮ ಖಾತೆಗೆ. ಮಿಕ್ಕ ನಾಲ್ಕರಲ್ಲಿ ಬಿದ್ದರೆ ಎತ್ತಿ ಮತ್ತೆ ಮೇಜಿನ ಚುಕ್ಕೆಯ ಮೇಲಿಡಬೇಕು. ಫೌಲ್ ಮಾಡಿದರೆ ಗಳಿಸಿದ್ದರಲ್ಲಿ ಒಂದು ಚೆಂಡು ವಾಪಸು. ಇನ್ನೂ ಏನೂ ಗಳಿಸಿಲ್ಲದಿದ್ದರೆ ಸಾಲದ ಗುರುತಿಗೆ ಪಾಕೆಟ್ಟಿನ ಪಕ್ಕದ ಕಟ್ಟಿನ ಮೇಲೆ ಒಂದು ನಾಣ್ಯ. ನಿಯಮ ಇಷ್ಟೇ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಯಾರಿಗಾದರೂ ಹೇಳಿಕೊಡಬಹುದು.

ಇಷ್ಟು ಸರಳವಾದ ಆಟದ ಹೆಸರೆತ್ತಿದರೆ ಸಾಕು, ಪೂಲ್ ಆಡುವವರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಇದಕ್ಕಿಂತ ಮಿಗಿಲಾದ ಆಟ ಮೇಜಿನ ಮೇಲೆ ಹುಟ್ಟಿಲ್ಲ. ಇನ್ನೊಂದು ಪಂಗಡ ಕುರ್ಚಿ ಬಿಟ್ಟು ಎದ್ದು ಹೋಗುತ್ತದೆ. ನಡುವೆ ನಿಂತು ‘ಪರವಾಗಿಲ್ಲ, ಒಂದು ಆಟ ಆಡಬಹುದು’ ಎಂದವರನ್ನು ನಾನು ಹೆಚ್ಚಾಗಿ ನೋಡಿಲ್ಲ. ಅಮೆರಿಕದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ, ಕೆಂಟುಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ, ಸಂಜೆ ಹೊತ್ತು ಕಳೆಯಲು ಒಂದು ಪೂಲ್ ಹಾಲ್ ಹಿಡಿದಿದ್ದೆ. ಈ ಜಗಳವನ್ನು ಹತ್ತಿರದಿಂದ ನೋಡಿದ್ದು ಅಲ್ಲಿ. ನಾನು ಯಾವ ಪಂಗಡ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ: ಎದ್ದು ಹೋಗದವರದು. ಆದರೆ ಎದ್ದು ಹೋದವರು ದಡ್ಡರು, ಅವರಿಗೆ ತಾಳ್ಮೆಯಿಲ್ಲ ಎಂದು ನಮ್ಮ ಕಡೆಯವರು ಹೇಳುವ ಮಾತನ್ನು ಮಾತ್ರ ನಾನು ಒಪ್ಪಿದವನಲ್ಲ.

ನಾನು ಕೋಲು ಹಿಡಿದದ್ದು ಬೆಂಗಳೂರಿನಲ್ಲಿ, ಸ್ನೂಕರ್ ಮೇಜಿನ ಮುಂದೆ. ಚಿಕ್ಕಪ್ಪ ಮೆಂಬರ್ ಆಗಿದ್ದ ಒಂದು ಕ್ಲಬ್ಬಿನಲ್ಲಿ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಮೆಂಬರುಗಳು ಇಲ್ಲದ ಹೊತ್ತಿನಲ್ಲಿ ಮಾರ್ಕರ್ ದಯೆ ತೋರಿದರೆ ಉಂಟು. ಅವರು ಸ್ಕೋರ್ ಬೋರ್ಡಿನ ಪಕ್ಕದ ಎತ್ತರದ ಸ್ಟೂಲಿನಲ್ಲಿ ಕೂತು, ‘ಹೊಡೀಬೇಡ ಮರಿ, ಮೊದಲು ನೋಡು’ ಎನ್ನುತ್ತಿದ್ದರು. ನೋಡುವುದೆಂದರೆ ಏನನ್ನು ಎಂದು ಅವರು ಹೇಳಿದ್ದಿಲ್ಲ. ಮುಂದೆ ಊರಿನಲ್ಲಿ ಸ್ನೂಕರ್‌ಗೆ ಒಂದು ಮರ್ಯಾದೆಯೂ ಬಂತು. ಅರವಿಂದ ಸವೂರರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದು ಬಂದ ಮೇಲೆ, ಮಗ ಸ್ನೂಕರ್ ಪಾರ್ಲರಿಗೆ ಹೋದ ಎಂದು ಬೈಯುತ್ತಿದ್ದ ತಂದೆತಾಯಿಗಳೂ ಬೈಗುಳದ ಸ್ವರ ತಗ್ಗಿಸಿದರು. ಸ್ನೂಕರ್ ನಮ್ಮ ನೆಲದ್ದೇ ಎಂಬ ಜಂಬವೂ ಸೇರಿಕೊಂಡಿತ್ತು: 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿ ನೆವಿಲ್ ಚೇಂಬರ್ಲೇನ್ ಕಟ್ಟಿದ ಆಟ, ನಿಯಮ ಬರೆದು ಗೋಡೆಗೆ ಹಚ್ಚಿದ್ದು ಮೈಸೂರಿನಿಂದ ಬಸ್ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ.

ಸ್ನೂಕರ್‌ನಲ್ಲಿ ‘ಸೇಫ್ಟಿ’ ಎಂಬುದಕ್ಕೆ ಗೌರವವುಂಟು. ಪಾಟ್ ಇಲ್ಲದಾಗ ಬಿಳಿ ಚೆಂಡನ್ನು ದೂರದ ಕುಷನ್ನಿಗೆ ಅಂಟಿಸಿ ಬರುವುದು, ಎದುರಾಳಿಯನ್ನು ಬಣ್ಣದ ಚೆಂಡಿನ ಹಿಂದೆ ಸಿಕ್ಕಿಸುವುದು, ಇವೆಲ್ಲ ಕಲೆ. ಆದರೆ ಅಲ್ಲಿಯೂ ಗೌರವಕ್ಕೊಂದು ಗಡಿಯಿದೆ. 2005ರ ವಿಶ್ವ ಚಾಂಪಿಯನ್‌ಶಿಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಪೀಟರ್ ಎಬ್ಡನ್ ಬರೀ 12 ಪಾಯಿಂಟಿನ ಒಂದು ಬ್ರೇಕಿಗೆ, ಅಂದರೆ ಒಂದೇ ಸರದಿಯ ಗಳಿಕೆಗೆ, ಐದು ನಿಮಿಷಕ್ಕೂ ಮಿಗಿಲು ತೆಗೆದುಕೊಂಡರು. ಎದುರಿಗೆ ಕೂತಿದ್ದ ರಾನಿ ಓ’ಸಲಿವನ್ 1997ರಲ್ಲಿ ಅಷ್ಟು ಹೊತ್ತಿಗಿಂತ ಬೇಗ 147ರ ಪೂರ್ತಿ ಬ್ರೇಕ್ ಮುಗಿಸಿದ್ದವರು. 8–2ರ ಮುನ್ನಡೆಯಲ್ಲಿದ್ದ ಓ’ಸಲಿವನ್ ಕೊನೆಗೆ 13–11ರಲ್ಲಿ ಸೋತರು. ನಮ್ಮ ಪಾರ್ಲರಿನಲ್ಲಿ ಇದರ ಮೇಲೆ ವಾರಗಟ್ಟಲೆ ವಾದ. ಎಬ್ಡನ್ ಮೋಸ ಮಾಡಿದರು ಎಂದು ಯಾರೂ ಹೇಳಲಿಲ್ಲ, ನಿಯಮದಲ್ಲಿ ತಪ್ಪೇನಿತ್ತು? ಆದರೂ ಏನೋ ಮುರಿದರು ಎಂದು ಅರ್ಧ ಜನಕ್ಕೆ ಅನಿಸಿತ್ತು. ಲೂಯಿವಿಲ್ಲಿಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದ ನ್ಯಾಯ ಇಷ್ಟು: ಆಡಲು ಆಗದಾಗ ತಡೆ, ಆಗುವಾಗ ಆಡು.

ಆ ಹಾಲಿನಲ್ಲಿ ಮುಂದಿನ ಮೇಜುಗಳೆಲ್ಲ ಎಯ್ಟ್ ಬಾಲ್, ನೈನ್ ಬಾಲ್ ಆಡುವವರದ್ದು: ಲೀಗಿನ ಟೀ ಶರ್ಟು, ಬಿಯರು, ಸಂಗೀತ, ಜೋಡಿಸಿಟ್ಟ ಚೆಂಡುಗಳ ರ‍್ಯಾಕು ಒಡೆಯುವ ಸದ್ದು. ಹಿಂಬದಿಯಲ್ಲಿ, ದೀಪ ಸ್ವಲ್ಪ ಹಳದಿಯಾಗಿದ್ದ ಕಡೆ, ಎರಡು ಒಂಬತ್ತು ಅಡಿ ಮೇಜುಗಳು. ಅಲ್ಲಿ ಸದ್ದಿಲ್ಲ. ಒಬ್ಬ ಹೊಡೆದು ಕೂರುತ್ತಾನೆ, ಇನ್ನೊಬ್ಬ ಎದ್ದು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎರಡು ಚೆಂಡಿನ ನಡುವೆ ಬಗ್ಗಿ ನೋಡಿ, ಬಿಳಿ ಚೆಂಡನ್ನು ಎರಡು ಗೇಣು ಸರಿಸಿ ಕೂರುತ್ತಾನೆ. ಮೊದಮೊದಲು ಅವರು ಅಭ್ಯಾಸ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಮೊದಲ ಹೊಡೆತವೇ ಉಲ್ಟಾ. ನೈನ್ ಬಾಲ್‌ನಲ್ಲಿ ಬ್ರೇಕ್ ಎಂದರೆ ಮೈಯ ಬಲವೆಲ್ಲ ಹಾಕಿ ಸಿಡಿಸುವುದು. ಇಲ್ಲಿ ರ‍್ಯಾಕಿನ ತುದಿಯ ಚೆಂಡುಗಳನ್ನು ಮೆಲ್ಲಗೆ ಸವರಿಕೊಂಡು ಹೋಗಬೇಕು. ಒಂದೆರಡು ಚೆಂಡು ನನ್ನ ಮೂಲೆಯ ಕಡೆ ಜರುಗಬೇಕು. ಬಿಳಿ ಚೆಂಡು ಹೋಗಿ ಎದುರಾಳಿಯ ಮೂಲೆಯ ಕಡೆಯ ಉದ್ದ ಕುಷನ್ನಿಗೆ ಅಂಟಬೇಕು. ತನ್ನ ಪಾಕೆಟ್ಟಿನ ಪಕ್ಕದಲ್ಲೇ ನಿಂತ ಬಿಳಿ ಚೆಂಡಿನಿಂದ ಅವನು ಯಾವ ಚೆಂಡನ್ನೂ ಆ ಪಾಕೆಟ್ಟಿನತ್ತ ಕತ್ತರಿಸಲಾರ. ಆಟ ಶುರುವಾಗಿ ಎರಡು ಸೆಕೆಂಡಾಗಿದೆ, ಆಗಲೇ ಅವನಿಗೆ ಉಸಿರು ಕಟ್ಟಿದೆ.

ಒಂದು ಸಂಜೆ ಹಿಂದಿನ ಮೇಜಿನಲ್ಲಿ ನಿವೃತ್ತ ಪ್ಲಂಬರ್ ಒಬ್ಬರು, ಮುಂದಿನ ಮೇಜುಗಳಿಂದ ಬಂದಿದ್ದ ಒಬ್ಬ ಹುಡುಗನ ಜೊತೆ ಆಡುತ್ತಿದ್ದರು. ಹುಡುಗ ಲೀಗಿನಲ್ಲಿ ಹೆಸರು ಮಾಡಿದವನು. ಉದ್ದನೆಯ ಪಾಟ್‌ಗಳನ್ನು ಅವನು ಹಾಕುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಮುದುಕರ ಕನ್ನಡಕ ದಪ್ಪ, ಮೇಜಿನ ಆ ತುದಿಯ ಚೆಂಡು ಅವರಿಗೆ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ. ಹುಡುಗನದು ಆರು, ಮುದುಕರದು ಐದು. ಹುಡುಗನ ಪಾಕೆಟ್ಟಿನ ಬಾಯಲ್ಲೇ ಒಂದು ಚೆಂಡು ತೂಗುತ್ತಿತ್ತು. ಊದಿದರೆ ಬೀಳುವಂತಿತ್ತು. ಸರದಿ ಮುದುಕರದು, ಆದರೆ ಬಿಳಿ ಚೆಂಡು ಮೂರು ಚೆಂಡಿನ ಗುಂಪಿನೊಳಗೆ ಸಿಕ್ಕಿಕೊಂಡಿತ್ತು. ಎತ್ತ ಹೊಡೆದರೂ ಗುಂಪು ಬಿಚ್ಚಿ ಹುಡುಗನಿಗೆ ದಾರಿ.

ಮುದುಕರು ಬಗ್ಗಿ, ಕೋಲಿನ ತುದಿಯಿಂದ ಬಿಳಿ ಚೆಂಡನ್ನು ಮುಟ್ಟಿದರು. ಅಷ್ಟೇ, ಮುಟ್ಟಿದರು. ಅದು ಕದಲಿತೋ ಇಲ್ಲವೋ. ಫೌಲ್. ತಾವು ಗಳಿಸಿದ್ದರಲ್ಲಿ ಒಂದನ್ನು ತೆಗೆದು ಚುಕ್ಕೆಯ ಮೇಲಿಟ್ಟು ಹೋಗಿ ಕೂತರು. ನನಗೆ ಮೈಯೆಲ್ಲ ಉರಿದಂತಾಯಿತು. ಸ್ನೂಕರ್‌ನಲ್ಲಿ ಹೊಡೆಯಬೇಕಾದ ಚೆಂಡಿಗೆ ನಿಜವಾಗಿ ಪ್ರಯತ್ನಿಸದಿದ್ದರೆ ರೆಫರಿ ‘ಫೌಲ್ ಅಂಡ್ ಎ ಮಿಸ್’ ಎನ್ನುತ್ತಾರೆ, ಚೆಂಡುಗಳನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಮತ್ತೆ ಆಡಿಸುತ್ತಾರೆ. ಪ್ರಯತ್ನಿಸುವುದು ಅಲ್ಲಿ ಕಾನೂನು. ಇಲ್ಲಿ ಈ ಮನುಷ್ಯ ಪ್ರಯತ್ನಿಸದೆ ಇರುವುದಕ್ಕೆ ಒಂದು ಚೆಂಡು ದಂಡ ಕಟ್ಟಿ ಹಾಯಾಗಿ ಕೂತಿದ್ದಾರೆ!

ಈಗ ಹುಡುಗನೂ ಅದೇ ಗುಂಪಿನಲ್ಲಿ ಸಿಕ್ಕಿಬಿದ್ದ. ಬಾಯಲ್ಲಿ ತೂಗುವ ತನ್ನದೇ ಚೆಂಡಿಗೆ ಅವನಿಗೂ ದಾರಿಯಿಲ್ಲ. ಗುಂಪು ಬಿಚ್ಚಿದರೆ ಮುದುಕರ ಮೂಲೆಗೆ ಚೆಂಡು ಹೋಗುತ್ತದೆ. ಅವನೂ ಮುಟ್ಟಿದ. ಆರು ಐದಾಯಿತು. ಮುದುಕರು ಮತ್ತೆ ಮುಟ್ಟಿದರು. ಮೂರಾಯಿತು. ಒಬ್ಬನೇ ಸಾಲಾಗಿ ಮೂರು ಫೌಲ್ ಮಾಡಿದರೆ ಆಟವೇ ಹೋಗುತ್ತದೆ ಎಂಬ ನಿಯಮವಿದೆ. ಹಾಗಾಗಿ ಈ ಮುಟ್ಟಾಟವನ್ನು ಯಾರು ಶುರು ಮಾಡುತ್ತಾರೋ ಅವರೇ ಮೊದಲು ದಾರಿಯ ತುದಿಗೆ ಬರುತ್ತಾರೆ. ಲೆಕ್ಕ ಹುಡುಗನ ಕಡೆಗಿತ್ತು. ಅವನು ಎರಡನೇ ಸಲ ಮುಟ್ಟಿದ, ಸ್ವಲ್ಪ ಸಿಟ್ಟಿನಿಂದ. ಬಿಳಿ ಚೆಂಡು ಗುಂಪಿನಿಂದ ಒಂದಂಗುಲ ಹೊರಗೆ ಜಾರಿತು. ಅವನದು ನಾಲ್ಕು.

ಮುದುಕರು ಎದ್ದರು. ಆ ಒಂದಂಗುಲದ ಸಂದಿಯಲ್ಲಿ ಬಿಳಿ ಚೆಂಡನ್ನು ಹೊರಗೆ ಕಳಿಸಿ, ಉದ್ದದ ಕುಷನ್ನಿಗೆ ಒಮ್ಮೆ, ಕೆಳಗಿನ ಕುಷನ್ನಿಗೆ ಒಮ್ಮೆ ತಾಗಿಸಿ, ಹುಡುಗನ ಪಾಕೆಟ್ಟಿನ ಬಾಯಲ್ಲಿದ್ದ ಚೆಂಡನ್ನು ಹುಡುಗನ ಪಾಕೆಟ್ಟಿಗೇ ಹಾಕಿದರು. ಅಂದರೆ ಎದುರಾಳಿಗೆ ತಾವೇ ಒಂದು ಪಾಯಿಂಟ್ ಕೊಟ್ಟರು. ಬಿಳಿ ಚೆಂಡು ಆ ಪಾಕೆಟ್ಟಿನ ಪಕ್ಕದಲ್ಲೇ ಕುಷನ್ನಿಗೆ ಅಂಟಿ ನಿಂತಿತು. ಮೇಜಿನಲ್ಲಿ ಇನ್ನು ಹುಡುಗನಿಗೆ ಹೊಡೆಯಲು ಏನೂ ಇಲ್ಲ. ಐದಕ್ಕೆ ಮೂರು, ಹಿಂದಿರುವವರು ಮುದುಕರೇ, ಆದರೆ ಅಲ್ಲಿ ನೆರೆದಿದ್ದ ಬಿಳಿಕೂದಲಿನವರೆಲ್ಲ ಆಟ ಮುಗಿಯಿತು ಎಂಬಂತೆ ಕಾಫಿ ಬಗ್ಗಿಸಿಕೊಳ್ಳಲು ಎದ್ದರು. ನಿಜವೇ ಆಯಿತು. ತಾಳ್ಮೆಗೆಟ್ಟ ಹುಡುಗ ಮೇಜಿನುದ್ದಕ್ಕೂ, ಚೆಂಡನ್ನು ಕುಷನ್ನಿಗೆ ಬಡಿದು ತರುವ ಒಂದು ಬ್ಯಾಂಕ್ ಹೊಡೆತಕ್ಕೆ ಕೈಹಾಕಿದ, ಚೆಂಡುಗಳು ಬಿಚ್ಚಿದವು, ಮುದುಕರು ಗಡಿಬಿಡಿಯಿಲ್ಲದೆ ಐದನ್ನು ಒಂದಾದ ಮೇಲೊಂದು ಹಾಕಿದರು.

‘ಇದು ಪೂಲ್ ಅಲ್ಲ’ ಎಂದ ಹುಡುಗ, ಕೋಲನ್ನು ಬಿಚ್ಚಿ ಕೇಸಿಗೆ ತುರುಕುತ್ತ. ‘ನೀವು ನನ್ನನ್ನು ಆಡೋಕೇ ಬಿಡಲಿಲ್ಲ.’

ಮುದುಕರು ನಿಜಕ್ಕೂ ಗೊಂದಲಕ್ಕೊಳಗಾದವರಂತೆ ಅವನನ್ನು ನೋಡಿದರು. ‘ಯಾಕೆ ಬಿಡಬೇಕು?’

ಒನ್ ಪಾಕೆಟ್ಟಿನ ಮೇಲಿನ ಜಗಳಕ್ಕೆ ಬೇರು ಈ ಎರಡು ಮಾತಿನಲ್ಲಿದೆ ಎಂದು ನನ್ನ ಅನಿಸಿಕೆ. ನಿಧಾನದ ದೂರು ಬರೀ ಮೇಲುಮೇಲಿನದು. ನಿಧಾನವಾದ ಆಟಗಳನ್ನು ಜನ ಪ್ರೀತಿಸುವುದಿಲ್ಲವೇ? ಐದು ದಿನದ ಕ್ರಿಕೆಟ್ ನೋಡಿ ಬೆಳೆದವರು ನಾವು. ವಿಷಯ ಬೇರೆ. ನೈನ್ ಬಾಲ್ ಆಡುವವನು ಮೇಜಿನ ಜೊತೆ ಆಡುತ್ತಾನೆ. ಎದುರಾಳಿ ಕುರ್ಚಿಯಲ್ಲಿರುತ್ತಾನೆ, ಅವನು ಯಾರಾದರೂ ನಡೆಯುತ್ತದೆ, ಚೆನ್ನಾಗಿ ಆಡಿದರೆ ಅವನು ಏಳುವುದೇ ಇಲ್ಲ. ಹುಡುಗ ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಸಾಣೆ ಹಿಡಿದದ್ದು ತನ್ನ ಆ ಉದ್ದನೆಯ ಹೊಡೆತವನ್ನು. ಅದು ಅವನದು, ನೋಡಲು ಚಂದ, ಅದನ್ನು ತೋರಿಸಲೆಂದು ಅವನು ಬರುತ್ತಾನೆ. ಒನ್ ಪಾಕೆಟ್ ಅದನ್ನು ತೋರಿಸಗೊಡುವುದಿಲ್ಲ. ಇಲ್ಲಿ ಎದುರಾಳಿ ಕುರ್ಚಿಯಲ್ಲಿ ಕೂತೂ ನಿಮ್ಮ ಪ್ರತಿ ಹೊಡೆತದ ಒಳಗಿರುತ್ತಾನೆ. ಈ ಚೆಂಡನ್ನು ಹಾಕಿದರೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ, ತಪ್ಪಿದರೆ ಅವನಿಗೆ ಏನು ಸಿಗುತ್ತದೆ, ಅವನು ಅಲ್ಲಿಂದ ನನ್ನನ್ನು ಎಲ್ಲಿ ಕೂರಿಸುತ್ತಾನೆ. ಇನ್ನೊಬ್ಬನ ಇಚ್ಛೆ ಹೀಗೆ ತನ್ನ ಕೈಯೊಳಗೆ ಬಂದು ಕೂರುವುದನ್ನು ಕೆಲವರು ಸಹಿಸರು. ಅದು ಬುದ್ಧಿಯ ಕೊರತೆ ಹೇಗಾಗುತ್ತದೆ? ನನಗೆ ಆ ಇಕ್ಕಟ್ಟೇ ಇಷ್ಟ, ಅವರಿಗೆ ಅದೇ ಹಿಂಸೆ.

ವಯಸ್ಸಿನ ವಿಷಯವನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣು ಮಂದವಾಗಿ, ಕೈ ಒಂದಿಷ್ಟು ನಡುಗತೊಡಗಿದ ಮೇಲೆ ನೈನ್ ಬಾಲ್‌ನಲ್ಲಿ ಮನುಷ್ಯ ಮುಗಿದ. ಒನ್ ಪಾಕೆಟ್ಟಿನಲ್ಲಿ ಅವನಿಗೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಉಂಟು, ಏಕೆಂದರೆ ಹೆಚ್ಚಿನ ಹೊಡೆತಗಳು ಮೆಲ್ಲನೆಯವು, ತಿಳಿವಳಿಕೆಯವು. ಹಿಂದಿನ ಮೇಜುಗಳಿಗೆ ಅಂಟಿಕೊಂಡವರ ತಲೆಗೂದಲು ನೋಡಿದರೆ ಸಾಕು. ಯೌವನದಲ್ಲಿದ್ದವನಿಗೆ, ತನಗಿಂತ ಕಡಿಮೆ ಪಾಟ್ ಮಾಡಬಲ್ಲವನ ಕೈಯಲ್ಲಿ ಸೋಲುವುದು ಅನ್ಯಾಯದಂತೆ ಕಾಣುತ್ತದೆ. ವಯಸ್ಸಾದವನಿಗೆ ಅದೇ ಪರಮ ನ್ಯಾಯ. ನಾನು ಆ ಹಾಲಿಗೆ ಹೋಗತೊಡಗಿದಾಗ ನನಗೆ ನಲವತ್ತು ದಾಟಿತ್ತು. ನನ್ನ ಒಲವು ಯಾವ ಕಡೆ ವಾಲಿತು ಎಂಬುದರಲ್ಲಿ ತತ್ವಕ್ಕಿಂತ ಚಾಳೀಸಿನ ಪಾಲು ಹೆಚ್ಚಿರಬಹುದು.

ಇನ್ನು ದುಡ್ಡು. ಒನ್ ಪಾಕೆಟ್ ಬೆಳೆದದ್ದು ಜೂಜಿನ ನೆರಳಿನಲ್ಲಿ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಲ್ಲವನಿಗೂ ಕಲಿಯುವವನಿಗೂ ನಡುವೆ ಸರಿಸಮ ಮಾಡಲು ಇದರಷ್ಟು ಸಲೀಸಾದ ಆಟ ಇನ್ನೊಂದಿಲ್ಲ: ನಾನು ಹತ್ತು ಹಾಕಬೇಕು, ನೀನು ಆರು ಹಾಕಿದರೆ ಸಾಕು. ಒಂಬತ್ತಕ್ಕೆ ಏಳು, ಎಂಟಕ್ಕೆ ಐದು. ಬ್ರೇಕ್ ಯಾರದು ಎಂಬುದೂ ಚೌಕಾಸಿಯ ಮಾತು. ಆಟ ಶುರುವಾಗುವ ಮೊದಲು ಅರ್ಧ ಗಂಟೆ ಈ ವ್ಯಾಪಾರ ನಡೆಯುತ್ತಿತ್ತು, ಅದನ್ನು ಕೇಳಿಸಿಕೊಳ್ಳುವುದೇ ನನಗೆ ಕೆಲವು ಸಲ ಆಟಕ್ಕಿಂತ ಹೆಚ್ಚು ರುಚಿಸುತ್ತಿತ್ತು. 1961ರಲ್ಲಿ ಇಲಿನಾಯ್ ರಾಜ್ಯದ ಜಾನ್‌ಸ್ಟನ್ ಸಿಟಿ ಎಂಬ ಪುಟ್ಟ ಊರಿನಲ್ಲಿ ಜಾನ್ಸ್‌ಕೊ ಸಹೋದರರು ಬಾಜಿ ಕಟ್ಟಿ ಆಡುವ ದೇಶದ ಹಸ್ಲರ್‌ಗಳನ್ನೆಲ್ಲ ಕರೆಸಿ ಪಂದ್ಯಾವಳಿ ಶುರು ಮಾಡಿದಾಗ ಮೊದಲ ವರ್ಷ ಇಟ್ಟದ್ದು ಒನ್ ಪಾಕೆಟ್ ಒಂದನ್ನೇ. ಹಗಲು ಪಂದ್ಯ, ರಾತ್ರಿ ಬಾಜಿ. ‘ದಿ ಹಸ್ಲರ್’ ಸಿನಿಮಾ ಬಂದದ್ದೂ ಅದೇ ವರ್ಷ. ಮುಂದೆ 1972ರಲ್ಲಿ ಫೆಡರಲ್ ಅಧಿಕಾರಿಗಳು ದಾಳಿ ಮಾಡಿ ಆ ಜಾತ್ರೆ ನಿಂತಿತು. ಕ್ಲಬ್ಬು, ಬಿಳಿ ಅಂಗಿ, ಬೋ ಟೈ ಎಂದು ಪೂಲ್‌ಗೆ ಗಣ್ಯತೆ ತರಲು ಹೊರಟವರಿಗೆ ಈ ಆಟ ಮನೆಯ ಮಾನ ಕಳೆಯುವ ನೆಂಟನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಟಿವಿಗೂ ಇದು ಒಗ್ಗದು. ಯುರೋಪು–ಅಮೆರಿಕದ ಮೊಸ್ಕೋನಿ ಕಪ್ಪಿನಲ್ಲಿ ಒಂದು ಹೊಡೆತಕ್ಕೆ 30 ಸೆಕೆಂಡು. ಒನ್ ಪಾಕೆಟ್ಟಿನಲ್ಲಿ ಅಷ್ಟು ಹೊತ್ತಿಗೆ ಮನುಷ್ಯ ಕನ್ನಡಕ ಒರೆಸಿ ಮುಗಿಸಿರುವುದಿಲ್ಲ.

ಹೊರಗಿನವರು ಹೀಗೆ ಬಯ್ಯುವಾಗ ಒಳಗಿನವರೆಲ್ಲ ಒಂದಾಗಿದ್ದಾರೆ ಎಂದುಕೊಂಡರೆ ಅದೂ ಇಲ್ಲ. ಹಿಂದಿನ ಮೇಜಿನಲ್ಲಿ ರಾನಿ ಆಲನ್ ಹೆಸರು ಎತ್ತುವುದಕ್ಕೆ ನಾನು ಸ್ವಲ್ಪ ಹೆದರುತ್ತಿದ್ದೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಮೆರೆದ ಈ ಕ್ಯಾಲಿಫೋರ್ನಿಯಾ ಆಟಗಾರ, ಕಾಯುತ್ತ ಕೂರುವ ಹಳೆಯ ಸಂಪ್ರದಾಯಕ್ಕೆ ಬೆಂಕಿ ಹಚ್ಚಿದ. ಸಿಕ್ಕಿಬಿದ್ದಾಗಲೂ ಬಲವಾಗಿ ಹೊಡೆದು, ಚೆಂಡುಗಳ ಗುಂಪನ್ನೇ ತನ್ನ ಮೂಲೆಯತ್ತ ದಬ್ಬಿ, ಬ್ಯಾಂಕ್ ಮೇಲೆ ಬ್ಯಾಂಕ್ ಹಾಕುವ ಆ ಶೈಲಿಗೆ ‘ಪವರ್ ಒನ್ ಪಾಕೆಟ್’ ಎಂದೇ ಹೆಸರಾಯಿತು. ಕೆಲವರಿಗೆ ಅವನು ಆಟವನ್ನು ಉಳಿಸಿದವನು. ಇನ್ನು ಕೆಲವರಿಗೆ ಕೆಡಿಸಿದವನು. ಈಗಿನ ಮೊದಲ ದರ್ಜೆಯ ಆಟಗಾರರಂತೂ ಒಂದು ಸಂದಿ ಸಿಕ್ಕರೆ ಎಂಟನ್ನೂ ಒಂದೇ ಉಸಿರಿಗೆ ಮುಗಿಸುತ್ತಾರೆ. ಅದನ್ನು ನೋಡಿ ನಮ್ಮ ನಿವೃತ್ತ ಪ್ಲಂಬರ್, ‘ಇದೂ ನೈನ್ ಬಾಲ್ ಆಗಿಹೋಯಿತು’ ಎಂದು ಮುಖ ಹುಳ್ಳಗೆ ಮಾಡುತ್ತಿದ್ದರು. ಹುಡುಗ ‘ಇದು ಪೂಲ್ ಅಲ್ಲ’ ಅಂದ ಸ್ವರವೇ!

ಲೂಯಿವಿಲ್ಲಿನಲ್ಲಿ ಇರುವುದರ ದೊಡ್ಡ ಲಾಭ ಡರ್ಬಿ ಸಿಟಿ ಕ್ಲಾಸಿಕ್. 1999ರಲ್ಲಿ ಶುರುವಾದದ್ದು, ಜನವರಿಯ ಕೊರೆವ ಚಳಿಯಲ್ಲಿ ಬ್ಯಾಂಕ್ ಪೂಲ್, ಒನ್ ಪಾಕೆಟ್, ನೈನ್ ಬಾಲ್ ಮೂರನ್ನೂ ಒಂದೇ ಸೂರಿನಡಿ ಆಡಿಸುತ್ತಾರೆ. ನನ್ನ ಕಾಲಕ್ಕೆ ಅದು ಒಹಾಯೊ ನದಿಯಾಚೆ ಇಂಡಿಯಾನಾ ರಾಜ್ಯದ ಕ್ಯಾಸಿನೊ ಒಂದಕ್ಕೆ ಹೋಗಿತ್ತು. ದುಡ್ಡು ಕಟ್ಟಿದವರು ಯಾರು ಬೇಕಾದರೂ ಆಡಬಹುದು. ಬೆಳಿಗ್ಗೆ ಟ್ರಕ್ ಓಡಿಸುವವನಿಗೆ ಸಂಜೆ ವಿಶ್ವ ಚಾಂಪಿಯನ್ ಎದುರಾಗಬಹುದು. ಒನ್ ಪಾಕೆಟ್ಟಿನಲ್ಲಿ ಮೂರು ಆಟ ಗೆದ್ದವನಿಗೆ ಪಂದ್ಯ. ಮೂರೇ ಎಂದು ನಗಬೇಡಿ, ಅದಕ್ಕೇ ಮಧ್ಯರಾತ್ರಿ ದಾಟುವುದುಂಟು.

ಒಂದು ವರ್ಷ ಹುಬ್ಬಳ್ಳಿಯ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ನನ್ನ ಆಫೀಸಿನವನೇ, ವಯಸ್ಸಿನಲ್ಲಿ ಕಿರಿಯ, ನೈನ್ ಬಾಲ್ ಎಂದರೆ ಪ್ರಾಣ. ಫಿಲಿಪೀನ್ಸಿನ ಎಫ್ರೆನ್ ರೇಯೆಸ್ ಆಡುತ್ತಾರೆಂದು ಕೇಳಿ ಓಡಿಬಂದಿದ್ದ. ಬರದೆ ಏನು! 1985ರಲ್ಲಿ ಹ್ಯೂಸ್ಟನ್ನಿಗೆ ಬಂದು, ಸೀಸರ್ ಮೊರಾಲೆಸ್ ಎಂಬ ಸುಳ್ಳು ಹೆಸರಿನಲ್ಲಿ ಅಮೆರಿಕದ ಘಟಾನುಘಟಿಗಳನ್ನು ಬಡಿದು ಹೋದ ಮನುಷ್ಯ. 1999ರ ನೈನ್ ಬಾಲ್ ವಿಶ್ವ ಚಾಂಪಿಯನ್. ಎಲ್ಲರ ಬಾಯಲ್ಲಿ ‘ಮೆಜಿಶಿಯನ್’. ಆದರೆ ಅಂದು ಅವರು ಆಡುತ್ತಿದ್ದದ್ದು ಒನ್ ಪಾಕೆಟ್. ಮೇಜಿನ ಸುತ್ತ ಮೂರು ಸಾಲು ಜನ. ನಾವು ಹೇಗೋ ನುಗ್ಗಿ ಒಂದು ಕಂಬದ ಪಕ್ಕ ನಿಂತೆವು.

‘ಸರ, ಬಂದು ಮುಕ್ಕಾಲು ತಾಸು ಆತು’ ಎಂದು ಕಿವಿಯಲ್ಲಿ ಪಿಸುಗುಟ್ಟಿದ. ‘ಒಂದ ಚೆಂಡರ ಬಿದ್ದೈತೇನ್ರಿ?’

‘ಎರಡು ಬಿತ್ತಲ್ಲ.’

‘ಅವನ್ನೂ ಎತ್ತಿ ಹೊರಗ ಇಟ್ರಲ್ರೀ!’

ನನಗೆ ನಗು ತಡೆಯಲಾಗಲಿಲ್ಲ, ಪಕ್ಕದ ಅಜ್ಜ ತಿರುಗಿ ದುರುಗುಟ್ಟಿದ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಹುಬ್ಬಳ್ಳಿಯವನು ಮತ್ತೆ, ‘ಎಲ್ಲಾ ಚೆಂಡು ಮ್ಯಾಲಿನ ತುದೀಗೆ ಒಯ್ದು ಒಯ್ದು ಹಾಕಾಕತ್ತಾರ. ಪಾಕೆಟ್ ಕೆಳಗೈತಿ. ಇದೇನ್ ಆಟಾರೀ, ಇಬ್ರೂ ಒಬ್ರನ್ನೊಬ್ರು ಆಡಾಕ ಬಿಡವಲ್ರು’ ಎಂದ. ಮುದುಕರಿಗೆ ಸೋತ ಆ ಹುಡುಗ ಇಂಗ್ಲಿಷಿನಲ್ಲಿ ಹೇಳಿದ್ದೇ ಹುಬ್ಬಳ್ಳಿಯ ಮಾತಿನಲ್ಲಿ ಬಂದಿತ್ತು.

ಅವನಿಗೆ ವಿವರಿಸಲು ನೋಡಿದೆ. ಎದುರಾಳಿಗೆ ಒಂದೋ ಎರಡೋ ಚೆಂಡು ಬಾಕಿಯಿದ್ದು ನಮಗೆ ಹೆಚ್ಚು ಬೇಕಿದ್ದಾಗ, ಚೆಂಡುಗಳನ್ನು ಪಾಕೆಟ್ಟುಗಳಿಂದ ದೂರ, ಮೇಲ್ತುದಿಗೆ ಅಟ್ಟುತ್ತಾರೆ. ಅಲ್ಲಿಂದ ಅವನು ಬ್ಯಾಂಕ್ ಮಾಡಿಯೇ ತರಬೇಕು. ಅವನು ಒಂದನ್ನು ಕೆಳಗೆ ತಂದರೆ ಇವನು ಮತ್ತೆ ಮೇಲಕ್ಕೆ. ಒಂದು ಚೆಂಡಿಗಾಗಿ ಅರ್ಧ ಗಂಟೆ ಹೀಗೆ ನಡೆಯಬಹುದು. ‘ಚೆಸ್ ಇದ್ದ ಹಾಗೆ ಕಣೋ’ ಎಂದೆ, ಎಲ್ಲರೂ ಹೇಳುವ ಮಾತು. ಹೇಳಿದ ಕ್ಷಣಕ್ಕೇ ಅದು ಸುಳ್ಳು ಅನ್ನಿಸಿತು. ಚೆಸ್ಸಿನಲ್ಲಿ ಕುದುರೆಯನ್ನು ಆ ಮನೆಗೆ ಇಡಬೇಕು ಎಂದು ತೋರಿದರೆ ಸಾಕು, ಕುದುರೆ ಆ ಮನೆಗೆ ಹೋಗುತ್ತದೆ. ಇಲ್ಲಿ ಏನು ಮಾಡಬೇಕೆಂದು ಹೊಳೆಯುವುದು ಅರ್ಧ ಕೆಲಸ. ಬಿಳಿ ಚೆಂಡು ಮೂರು ಕುಷನ್ ಸುತ್ತಿ ಬಂದು ಒಂದು ಚೆಂಡಿನ ಬೆನ್ನಿಗೆ ಅಂಟಿ ನಿಲ್ಲಬೇಕು. ನಾಲ್ಕಂಗುಲ ಮುಂದೆ ಹೋದರೆ ಆಟ ಹೋಯಿತು. ಆ ನಾಲ್ಕಂಗುಲ ಕೈಯಲ್ಲಿರಬೇಕು, ತಲೆಯಲ್ಲಿ ಇದ್ದರಾಗದು. ಒನ್ ಪಾಕೆಟ್ಟಿನವರು ಚೆಸ್ಸಿನ ಹೋಲಿಕೆಯನ್ನು ಹೆಮ್ಮೆಯಿಂದ ಹೇಳಿಕೊಂಡು ತಮ್ಮ ಆಟಕ್ಕೆ ತಾವೇ ಅನ್ಯಾಯ ಮಾಡಿಕೊಂಡಿದ್ದಾರೆ. ಕೈಚಳಕವಿಲ್ಲದವರ ಆಟ ಎಂಬ ಅಪವಾದ ಅಲ್ಲಿಂದಲೇ ಹುಟ್ಟಿದ್ದು.

ರೇಯೆಸ್ ಆಟ ನೋಡಿದರೆ ಆ ಅಪವಾದ ನಿಲ್ಲುವುದಿಲ್ಲ. ತಲೆ ಕೆರೆದುಕೊಳ್ಳುತ್ತ, ಹಲ್ಲು ಕಿರಿದು ನಗುತ್ತ, ಯಾರದೋ ಮದುವೆಗೆ ಬಂದ ದೂರದ ಬಂಧುವಿನ ಹಾಗೆ ಮೇಜಿನ ಸುತ್ತ ಓಡಾಡುವ ಅವರು ಬಿಳಿ ಚೆಂಡನ್ನು ಎಲ್ಲಿಂದ ಎಲ್ಲಿಗೋ ಕಳಿಸುತ್ತಾರೆ. ಅದು ಉರುಳುತ್ತ ಉರುಳುತ್ತ, ಇನ್ನೇನು ಹೆಚ್ಚಾಯಿತು ಎನ್ನುವಾಗ, ಸುಸ್ತಾಗಿ ಸರಿಯಾದ ಚೆಂಡಿನ ಹಿಂದೆ ಕೂರುತ್ತದೆ. ಹುಬ್ಬಳ್ಳಿಯವನು ಒಂದೆರಡು ಸಲ ‘ಹೋ’ ಎಂದ. ಅವನ ಮನಸ್ಸು ತಿರುಗಿತು ಎಂದು ನಾನು ಹಿಗ್ಗಿದೆ. ಕಾರಿನಲ್ಲಿ ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಹೇಳಿದ: ‘ಅಂವ ದೊಡ್ಡ ಆಟಗಾರ ಖರೆ ಸರ. ಆದ್ರ ಅಂಥಾವ್ನ ಕೈಯಾಗ ಈ ಆಟ ಕೊಟ್ಟು ಹೊತ್ತು ಹಾಳ ಮಾಡ್ಯಾರ ನೋಡ್ರಿ.’ ನಾನು ವಾದಿಸಲಿಲ್ಲ. ಆ ವಾದಕ್ಕೆ ಉತ್ತರ ನನಗೆ ಈಗಲೂ ಸಿಕ್ಕಿಲ್ಲ. ಹಾಡಬಲ್ಲವನು ಮಾತಾಡುತ್ತ ಕೂತರೆ ಗೆಳೆಯನಿಗೆ ಸಿಟ್ಟು, ಆ ಮಾತೇ ನನಗೆ ಬೇಕಾದದ್ದು.

ಬೆಂಗಳೂರಿಗೆ ಮರಳಿದ ಮೇಲೆ ಇಲ್ಲಿ ಒನ್ ಪಾಕೆಟ್ ಹಬ್ಬಿಸಬೇಕೆಂಬ ಹುಚ್ಚು ಕೆಲವು ತಿಂಗಳು ಹಿಡಿದಿತ್ತು. ಮನೆಯ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಪಾರ್ಲರ್ ಇದೆ: ಎರಡು ಸ್ನೂಕರ್ ಮೇಜು, ಮೂರು ಪೂಲ್ ಮೇಜು, ಬಟ್ಟೆ ಅಲ್ಲಲ್ಲಿ ತೇಪೆ. ಕಾಲೇಜು ಹುಡುಗರು ಬರುತ್ತಾರೆ. ನಿಯಮ ಹೇಳಿದೆ, ಕಣ್ಣರಳಿಸಿ ಕೇಳಿದರು, ಒಂದು ಆಟ ಆಡಿದರು. ಆಟ ಐವತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಸೋತ ಹುಡುಗ ಕೌಂಟರಿಗೆ ಹೋಗಿ ಬಿಲ್ ನೋಡಿ ಬೆಚ್ಚಿದ. ಇಲ್ಲಿನ ಪದ್ಧತಿ ಗೊತ್ತಲ್ಲ, ಸೋತವನು ಟೇಬಲ್ ದುಡ್ಡು ಕೊಡಬೇಕು, ನಿಮಿಷದ ಲೆಕ್ಕ. ಎಯ್ಟ್ ಬಾಲ್‌ನ ಒಂದು ಆಟ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಸೋಲು ಒಬ್ಬನಿಂದ ಇನ್ನೊಬ್ಬನಿಗೆ ತಿರುಗುತ್ತ ಭಾರ ಹಂಚಿಹೋಗುತ್ತದೆ. ಒನ್ ಪಾಕೆಟ್ಟಿನಲ್ಲಿ ಒಬ್ಬನ ತಲೆಯ ಮೇಲೇ ಪೂರ್ತಿ. ಲೂಯಿವಿಲ್ಲಿನಲ್ಲಿ ಕೇಳಿದ ಆಕ್ಷೇಪಣೆಗಳ ಸಾಲಿನಲ್ಲಿ ಇದು ಇರಲೇ ಇಲ್ಲ! ಪಾರ್ಲರಿನ ಮಾಲೀಕರಿಗೆ ಮಾತ್ರ ಆಟ ಬಹಳ ಮೆಚ್ಚುಗೆಯಾಗಿತ್ತು. ‘ದಿನಾ ಆಡಿಸಿ ಸರ್’ ಎಂದು ನನಗೆ ಚಹಾ ತರಿಸಿದರು.

ಹುಡುಗರು ಮತ್ತೆ ಎಯ್ಟ್ ಬಾಲ್‌ಗೆ ಹೋದರು. ಒಬ್ಬ ಮಾತ್ರ ಆಗಾಗ ನನ್ನ ಪಕ್ಕ ಬಂದು ನಿಲ್ಲುತ್ತಾನೆ. ಪಾಟ್ ಮಾಡುವುದರಲ್ಲಿ ಅವನೇನೂ ಮುಂದಿಲ್ಲ, ಗೆಳೆಯರೆಲ್ಲ ಅವನನ್ನು ಸೋಲಿಸುತ್ತಾರೆ. ಆದರೆ ಹೊಡೆಯುವ ಮೊದಲು ನೋಡುತ್ತಾನೆ. ಮೊನ್ನೆ ಭಾನುವಾರ ಬಂದವನೇ, ‘ಅಂಕಲ್, ಒಂದ್ ಆಟ?’ ಎಂದ.

‘ಬಾರೋ. ಯಾರಿಗೆ ಎಷ್ಟು?’

‘ನಿಮ್ಗೆ ಎಂಟು, ನಂಗೆ ನಾಲ್ಕು.’

‘ನಾಲ್ಕಾ? ಹೋಗೋ! ಆರು.’

‘ಐದು ಮಾಡಿ ಅಂಕಲ್, ಬ್ರೇಕ್ ನಂದು. ಸೋತ್ರೆ ಟೇಬಲ್ ಅರ್ಧರ್ಧ.’

ಮಾಲೀಕರು ಕೌಂಟರಿನಿಂದ ಕತ್ತೆತ್ತಿ ನಮ್ಮಿಬ್ಬರನ್ನೂ ನೋಡಿ ಮೀಟರ್ ಒತ್ತಿದರು. ನಾವು ಇನ್ನೂ ಬ್ರೇಕಿನ ಮೇಲೆ ಚೌಕಾಸಿ ಮಾಡುತ್ತಲೇ ಇದ್ದೆವು.